ನಿಷ್ಠೆ: ಸಾಲವೋ, ಕೊಡುಗೆಯೋ?



ನಿನ್ನೆಯವರೆಗೆ ಹೆಮ್ಮೆಯಿಂದ ತೊಟ್ಟಿದ್ದ ಅಂಗಿಯನ್ನು ಇಂದು ಬೀದಿಯಲ್ಲಿ ಸುಡುವಷ್ಟು ಕೋಪ ಮನುಷ್ಯನಿಗೆ ಎಲ್ಲಿಂದ ಬರುತ್ತದೆ? 2010ರ ಜುಲೈ 8ರ ರಾತ್ರಿ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಹೀಗೇ ನಡೆಯಿತು. ಬ್ಯಾಸ್ಕೆಟ್‌ಬಾಲ್ ಆಟಗಾರ ಲೆಬ್ರಾನ್ ಜೇಮ್ಸ್, ತಾವು ಏಳು ವರ್ಷ ಆಡಿದ ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್ ತಂಡವನ್ನು ತೊರೆದು, ಖ್ಯಾತ ಆಟಗಾರರು ಒಂದುಗೂಡುತ್ತಿದ್ದ ಮಯಾಮಿ ಹೀಟ್ ತಂಡವನ್ನು ಸೇರುವುದಾಗಿ ಟಿ.ವಿ. ಕಾರ್ಯಕ್ರಮವೊಂದರಲ್ಲಿ ಘೋಷಿಸಿದರು. ಅವರು ಹತ್ತಿರದ ಅಕ್ರನ್ ಊರಿನವರು. ಮನೆಯ ಮಗನೇ ಮನೆ ಬಿಟ್ಟನೆಂದು ಜನ ನೊಂದರು; ದ್ರೋಹಿ ಎಂದು ಜರೆದರು.

ಅವರು ದ್ರೋಹಿಯೇ? ಒಪ್ಪಂದದ ಪ್ರಕಾರವೇ ಅವರು ತಂಡ ಬಿಡಲು ಸ್ವತಂತ್ರರಾಗಿದ್ದರು. ಮೇಲಾಗಿ 2003ರಲ್ಲಿ ಆಟಗಾರರ ಆಯ್ಕೆಯ ಪದ್ಧತಿಯಂತೆ ತಂಡವು ಅವರನ್ನು ಆರಿಸಿಕೊಂಡಿತ್ತೇ ಹೊರತು ಅವರು ತಂಡವನ್ನು ಆರಿಸಿಕೊಂಡಿರಲಿಲ್ಲ. ಕೊಟ್ಟ ಮಾತನ್ನು ಮುರಿಯದವನನ್ನು ದ್ರೋಹಿ ಎನ್ನುವುದು ನ್ಯಾಯವಲ್ಲ.

ಆದರೆ ಸಂಬಂಧಗಳೆಲ್ಲ ಒಪ್ಪಂದದ ಕಾಗದದಲ್ಲಿ ಮುಗಿಯುವುದಿಲ್ಲ ಎಂದು ನೀವು ಹೇಳಬಹುದು. ನಿಜ. ಏಳು ವರ್ಷದ ಪ್ರೀತಿಗೂ ಒಂದು ಋಣವಿದೆ. ಆ ಋಣವು ಉಳಿಯಲೇಬೇಕು ಎನ್ನುವುದಲ್ಲ. ಹೋಗುವಾಗ ಗೌರವದಿಂದ ಹೇಳಿ ಹೋಗಬೇಕು ಎನ್ನುವುದು. ತಮ್ಮನ್ನು ಪ್ರೀತಿಸಿದವರು ಅಗಲಿಕೆಯ ಸುದ್ದಿಯನ್ನು ಅಪರಿಚಿತರೊಂದಿಗೆ ಕುಳಿತು ಟಿ.ವಿ.ಯಲ್ಲಿ ಕೇಳುವಂತೆ ಮಾಡಿದ್ದು ತಪ್ಪು. ದೋಷವಿದ್ದುದು ಹೋದ ರೀತಿಯಲ್ಲಿ, ಹೋದುದರಲ್ಲಲ್ಲ.

ಮುಂದಿನ ಕಥೆ ನಮ್ಮ ತೀರ್ಪುಗಳನ್ನೇ ಪರೀಕ್ಷಿಸುತ್ತದೆ. ಮಯಾಮಿಯಲ್ಲಿ ಎರಡು ಬಾರಿ ಗೆದ್ದ ಜೇಮ್ಸ್ 2014ರಲ್ಲಿ ಕ್ಲೀವ್‌ಲ್ಯಾಂಡಿಗೆ ಮರಳಿದರು. 2016ರಲ್ಲಿ ಆ ತಂಡ ಚಾಂಪಿಯನ್ ಆಯಿತು. 1964ರ ನಂತರ, ಅಂದರೆ 52 ವರ್ಷಗಳ ಬಳಿಕ, ಆ ನಗರಕ್ಕೆ ಪ್ರಮುಖ ವೃತ್ತಿಪರ ಕ್ರೀಡೆಯೊಂದರಲ್ಲಿ ಪ್ರಶಸ್ತಿ ಬಂದಿತು. 2018ರಲ್ಲಿ ಅವರು ಪುನಃ ತಂಡ ಬಿಟ್ಟು ಲಾಸ್ ಏಂಜಲೀಸ್‌ಗೆ ಹೋದರು. ಈ ಸಲ ಹಿಂದಿನಂತಹ ಕೋಪ ಕಾಣಲಿಲ್ಲ. ಈ ಬಾರಿ ಅವರು ಹೋದದ್ದು ಸದ್ದಿಲ್ಲದೆ ಎನ್ನುವುದು ಒಂದು ಕಾರಣ. ಆದರೆ ಜನರಿಗೆ ಬೇಕಾದುದು ಸಿಕ್ಕಿತ್ತು ಎನ್ನುವುದನ್ನು ಮರೆಯುವಂತಿಲ್ಲ. ಹಾಗಾದರೆ ನಾವು ಅಳೆಯುತ್ತಿರುವುದು ಆಟಗಾರನ ನಿಷ್ಠೆಯನ್ನೋ, ನಮ್ಮ ನಷ್ಟವನ್ನೋ?

ಇನ್ನೊಂದು ಘಟನೆಯನ್ನು ನೋಡಿ. 2017ರ ಏಪ್ರಿಲ್‌ನಲ್ಲಿ ಬಾಸ್ಟನ್ ಸೆಲ್ಟಿಕ್ಸ್‌ನ ಐಸಾಯ ಥಾಮಸ್, ತಂಗಿ ಅಪಘಾತದಲ್ಲಿ ತೀರಿಕೊಂಡ ಮರುದಿನವೇ ಅಂಗಣಕ್ಕಿಳಿದು ತಂಡಕ್ಕಾಗಿ 33 ಅಂಕ ಗಳಿಸಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ತಂಡವು ಇನ್ನೂ ಉತ್ತಮ ಆಟಗಾರನಿಗಾಗಿ ಅವರನ್ನು ಬೇರೆ ತಂಡಕ್ಕೆ ಬಿಟ್ಟುಕೊಟ್ಟಿತು. ಬಲವನ್ನು ಅರಸಿ ತಂಡವು ಆಟಗಾರನನ್ನು ಕೈಬಿಟ್ಟರೆ ಅದು ವ್ಯವಹಾರ. ಆಟಗಾರನು ತಂಡವನ್ನು ಬಿಟ್ಟರೆ ದ್ರೋಹ! ಅಳತೆಗೋಲು ಎರಡಾದಲ್ಲಿ ನ್ಯಾಯವೆಲ್ಲಿ?

ಹಾಗೆಂದು ಉಳಿಯುವುದಕ್ಕೆ ಬೆಲೆಯೇ ಇಲ್ಲವೇ? ಇದೆ. ದೆಹಲಿಯ ವಿರಾಟ್ ಕೊಹ್ಲಿ 2008ರಿಂದ ನಮ್ಮ ಬೆಂಗಳೂರು ತಂಡದಲ್ಲೇ ಆಡಿ, 18ನೆಯ ಋತುವಿನಲ್ಲಿ, ಅಂದರೆ 2025ರಲ್ಲಿ, ಮೊದಲ ಐಪಿಎಲ್ ಪ್ರಶಸ್ತಿಯನ್ನು ಕಂಡರು. ನಮ್ಮ ಜನರ ಕಣ್ಣು ತುಂಬಿತು. ಅವರು ಬೇರೆಡೆಗೆ ಹೋಗಬಹುದಿತ್ತು, ಹೋಗಲಿಲ್ಲ. ಅದಕ್ಕೇ ಅದು ಕೊಡುಗೆ. ಕೊಡುಗೆಯನ್ನು ಕೃತಜ್ಞತೆಯಿಂದ ಸ್ವೀಕರಿಸಬಹುದು, ಸಾಲದಂತೆ ವಸೂಲು ಮಾಡಲಾಗದು.

ಈ ಮಾತು ನಮ್ಮ ಮನೆಗಳಿಗೂ ಸಲ್ಲುತ್ತದೆ. ಕೆಲಸಕ್ಕಾಗಿ ಊರು ಬಿಟ್ಟ ಮಗನನ್ನು, ಉತ್ತಮ ಸಂಬಳಕ್ಕೆ ಬೇರೆಡೆ ಹೋದ ಸಹೋದ್ಯೋಗಿಯನ್ನು ನಾವು ಬೇಗ ತೂಗಿಬಿಡುತ್ತೇವೆ. ತೂಗುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳೋಣ: ಆತ ನಿಜವಾಗಿ ಮುರಿದ ಮಾತು ಯಾವುದು? ಅವನ ಸ್ಥಾನದಲ್ಲಿ ನನ್ನ ಮಗನಿದ್ದಿದ್ದರೆ ಏನೆನ್ನುತ್ತಿದ್ದೆ? ಉತ್ತರ ದೊರೆತ ಮೇಲೂ ನೋವು ಉಳಿಯಬಹುದು. ಪ್ರೀತಿಸಿದವರಿಗೆ ಅಗಲಿಕೆ ನೋಯುವುದು ಸಹಜ. ಆ ನೋವಿಗೆ ದ್ರೋಹವೆಂಬ ಹೆಸರಿಡದಿರೋಣ. ಮರಳಿ ಬರುವವರಿಗೆ ಬಾಗಿಲು ತೆರೆದಿಡೋಣ.