ಅರ್ಥದ ಅಧ್ಯಯನ ಮತ್ತು ಋಷಿಋಣ

ಅರ್ಥಶಾಸ್ತ್ರದ ಪದವಿ ವಿದ್ಯಾರ್ಥಿ ಕೊನೆಯ ವರ್ಷದಲ್ಲಿ ಬರೆಯುವ ಕಿರುಪ್ರಬಂಧವನ್ನು ಅಂಕಗಳಿಗಾಗಿ ಒಪ್ಪಿಸುವ ವರದಿಯೆಂದಷ್ಟೇ ಕಾಣುವ ರೂಢಿ ಬಲವಾಗಿರುವುದರಿಂದ, ಅದರೊಳಗೆ ಧರ್ಮಜಿಜ್ಞಾಸೆಯೊಂದು ಇದೆಯೆಂಬುದು ಯಾರ ಗಮನಕ್ಕೂ ಬಾರದೆ ಹೋಗುತ್ತದೆ. ನಾಲ್ಕು ಪುರುಷಾರ್ಥಗಳಲ್ಲಿ ಒಂದಾದ ಅರ್ಥವನ್ನು ಗಳಿಸುವುದಕ್ಕೆ ಧರ್ಮದ ಕಟ್ಟುಪಾಡು ಇರುವಂತೆ, ಅದನ್ನು ಕುರಿತು ತಿಳಿಯುವುದಕ್ಕೂ ಬರೆಯುವುದಕ್ಕೂ ಅಂಥದೊಂದು ಕಟ್ಟುಪಾಡು ಇದೆಯೇ ಎಂಬುದೇ ಆ ಜಿಜ್ಞಾಸೆ.

ಈ ಜಿಜ್ಞಾಸೆಗೆ ಉತ್ತರದ ಸುಳಿವು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿದೆ, ಅದನ್ನು ಬೆಳಕಿಗೆ ತಂದವರ ಊರಿನಿಂದಲೇ ಆರಂಭಿಸಬಹುದು. ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿಯ ದಡದಲ್ಲಿರುವ ರುದ್ರಪಟ್ಟಣವನ್ನು ನಾಡು ಸಂಗೀತಗಾರರ ಊರೆಂದು ಬಲ್ಲದು, ಆರ್.ಕೆ. ಶ್ರೀಕಂಠನ್ ಅವರಂಥ ವಿದ್ವಾಂಸರ ಮೂಲಕ ಬಂದ ಆ ಕೀರ್ತಿ ಸಲ್ಲತಕ್ಕದ್ದೇ. ಆದರೆ 1868ರಲ್ಲಿ ಅದೇ ಊರಿನಲ್ಲಿ ಹುಟ್ಟಿದ ಆರ್. ಶಾಮಶಾಸ್ತ್ರಿಗಳನ್ನು ಅಷ್ಟೇ ಅಭಿಮಾನದಿಂದ ನೆನೆಯದಿರುವುದು ವಿಷಾದದ ಸಂಗತಿ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗ್ರಂಥಪಾಲಕರಾಗಿದ್ದ ಅವರು, ಅಲ್ಲಿಗೆ ಬಂದು ಸೇರಿದ್ದ ಗ್ರಂಥಲಿಪಿಯ ತಾಳೆಗರಿಯ ಕಟ್ಟೊಂದನ್ನು ಓದಿ, ಅದು ವಿದ್ವಾಂಸರು ಬಹುಕಾಲದಿಂದ ಹೆಸರಿನಿಂದಷ್ಟೇ ಬಲ್ಲವರಾಗಿದ್ದ ಕೌಟಿಲ್ಯನ ಅರ್ಥಶಾಸ್ತ್ರವೆಂದು 1905ರಲ್ಲಿ ಗುರುತಿಸಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಆ ಕಟ್ಟನ್ನು ಒಪ್ಪಿಸಿದವರನ್ನು ಮಾತ್ರ ಇತಿಹಾಸ ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರೆಂದಷ್ಟೇ ನೆನಪಿಟ್ಟುಕೊಂಡಿದೆ.

ಇಂದಿನ ಅರ್ಥಶಾಸ್ತ್ರಕ್ಕೂ ರಾಜ್ಯಪಾಲನೆಯನ್ನು ಬೋಧಿಸುವ ಆ ಗ್ರಂಥಕ್ಕೂ ವಸ್ತುವಿನಲ್ಲಿ ಅಂತರವಿದ್ದರೂ, ಶಾಸ್ತ್ರವನ್ನು ಬರೆಯುವ ಬಗೆಯಲ್ಲಿ ಅದು ಕಲಿಸುವುದು ಬಹಳವಿದೆ. ಅದರ ಹದಿನೈದನೆಯ ಹಾಗೂ ಕೊನೆಯ ಅಧಿಕರಣವು ತಂತ್ರಯುಕ್ತಿಗಳನ್ನು, ಎಂದರೆ ಶಾಸ್ತ್ರಗ್ರಂಥವನ್ನು ಕಟ್ಟಲು ಬೇಕಾದ 32 ಉಪಾಯಗಳನ್ನು ವಿವರಿಸುತ್ತದೆ. ಇಂಥವರು ಹೀಗೆ ಹೇಳಿದ್ದಾರೆಂದು ತಿಳಿಸುವ ಅಪದೇಶ, ನಿರಾಕರಿಸಬೇಕಾದ ವಾದವನ್ನು ಮೊದಲು ಮಂಡಿಸುವ ಪೂರ್ವಪಕ್ಷ, ಅದರ ಮೇಲೆ ನಿರ್ಣಯ ಕೊಡುವ ಉತ್ತರಪಕ್ಷ, ಎರಡು ಕಡೆಗೂ ಕಾರಣಗಳಿರುವಾಗ ಉಳಿಯುವ ಸಂಶಯ ಇವೆಲ್ಲ ಆ ಪಟ್ಟಿಯಲ್ಲಿವೆ. ಕೌಟಿಲ್ಯ ಇವನ್ನು ತಾನೇ ಆಚರಿಸಿ ತೋರಿಸುತ್ತಾನೆ: ವಿದ್ಯೆಗಳೆಷ್ಟು ಎಂಬ ಚರ್ಚೆಯಲ್ಲಿ ಮೂರೆನ್ನುವ ಮಾನವರೆಂಬ ಪಂಥದವರ, ಎರಡೇ ಎನ್ನುವ ಬಾರ್ಹಸ್ಪತ್ಯರ, ದಂಡನೀತಿಯೊಂದೇ ಸಾಕೆನ್ನುವ ಔಶನಸರ ಮತಗಳನ್ನು ಅವರವರ ಕಾರಣಗಳೊಂದಿಗೆ ಹೇಳಿದ ಮೇಲೆಯೇ, ಆನ್ವೀಕ್ಷಿಕಿ ಎಂಬ ತರ್ಕಚಿಂತನೆ, ತ್ರಯಿ ಎಂಬ ವೇದ, ಕೃಷಿ ಪಶುಪಾಲನೆ ವಾಣಿಜ್ಯಗಳನ್ನೊಳಗೊಂಡ ವಾರ್ತಾ ಮತ್ತು ದಂಡನೀತಿ ಸೇರಿ ನಾಲ್ಕೆಂಬ ತನ್ನ ನಿಲುವಿಗೆ ಬರುತ್ತಾನೆ. ವೇದವು ಲೋಕವ್ಯವಹಾರ ಬಲ್ಲವನಿಗೆ ಬರಿಯ ಹೊದಿಕೆಯೆಂಬ ಬಾರ್ಹಸ್ಪತ್ಯರ ಮಾತನ್ನು, ತ್ರಯಿಯನ್ನು ಒಪ್ಪುವ ಅವನು ಮರೆಮಾಚಲಿಲ್ಲವೆಂಬುದು ಗಮನಾರ್ಹ.

ಇದನ್ನು ಕೇವಲ ಬರವಣಿಗೆಯ ಕ್ರಮವೆಂದು ತಿಳಿದರೆ ಅದರ ತೂಕ ಕಡಿಮೆಯಾಗುತ್ತದೆ. ಹುಟ್ಟಿದವನ ಮೇಲೆ ದೇವಋಣ, ಪಿತೃಋಣ, ಋಷಿಋಣಗಳಿರುತ್ತವೆಂದೂ, ಅವುಗಳಲ್ಲಿ ಋಷಿಋಣವು ಅಧ್ಯಯನದಿಂದ ತೀರುತ್ತದೆಂದೂ ವೈದಿಕ ಪರಂಪರೆ ಹೇಳುತ್ತದೆ. ಹಿಂದಿನವರ ವಿಚಾರವನ್ನು ಹೆಸರು ಹೇಳದೆ ಎತ್ತಿಕೊಳ್ಳುವ ಕಿರುಪ್ರಬಂಧವು ಈ ಋಣವನ್ನು ಬೆಳೆಸುತ್ತದೆಯೇ ಹೊರತು ತೀರಿಸುವುದಿಲ್ಲ. ಆದರೆ ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಋಷಿಗಳ ಸಾಲಿನಲ್ಲಿ ನಿಲ್ಲುವವರು ಗ್ರಂಥಕರ್ತರು ಮಾತ್ರವಲ್ಲ, ಅವನ ಪ್ರಶ್ನೆಗಳಿಗೆ ಹೊಲದ ಬದುವಿನಲ್ಲಿ ನಿಂತು ಉತ್ತರ ಕೊಟ್ಟವರೂ ಹೌದು. ಅವರು ಕೊಟ್ಟ ತಿಳಿವಳಿಕೆ ಯಾವ ಗ್ರಂಥಾಲಯದಲ್ಲೂ ಸಿಗುವಂಥದ್ದಲ್ಲ.

ಅರಕಲಗೂಡು ತಾಲ್ಲೂಕಿನಲ್ಲಿ ಹೊಗೆಸೊಪ್ಪು ಬೆಳೆದು ರಾಮನಾಥಪುರದ ಹರಾಜು ಮಾರುಕಟ್ಟೆಗೆ ಸಾಗಿಸುವ ಕುಟುಂಬವೊಂದರ ಆದಾಯವನ್ನು ಅಳೆಯಲು ಹೊರಟವನ ಮುಂದೆ ಈ ಋಣ ಸ್ಪಷ್ಟ ರೂಪ ತಾಳುತ್ತದೆ. ಜಗಲಿಯ ಮೇಲೆ ನೆರೆಹೊರೆಯವರು ಕುಳಿತಿರುವಾಗ ಸಾಲವೆಷ್ಟೆಂದು ಕೇಳಿದರೆ, ರೈತ ಸೊಸೈಟಿಯ ಸಾಲವನ್ನು ಹೇಳಿ ಕೈಸಾಲವನ್ನು ನುಂಗಿಕೊಳ್ಳುವುದು ಸಹಜ. ಮರ್ಯಾದೆ ಕಾಪಾಡಿಕೊಳ್ಳುವ ಆ ಉತ್ತರವನ್ನು ಸುಳ್ಳೆಂದು ಹೀಗಳೆಯದೆ, ಆದರೆ ಪೂರ್ಣ ಸತ್ಯವೆಂದೂ ಬರೆದುಕೊಳ್ಳದೆ, ಅದು ಎಂಥ ಸನ್ನಿವೇಶದಲ್ಲಿ ಬಂದಿತೆಂಬುದನ್ನು ದಾಖಲಿಸುವುದು ಬರೆಯುವವನ ಧರ್ಮ. ಹೊಗೆಸೊಪ್ಪು ಆರೋಗ್ಯಕ್ಕೆ ಕೇಡೆಂಬ ಸತ್ಯದಿಂದ ಹೊರಟ ವಿದ್ಯಾರ್ಥಿಯು, ಮಳೆಯನ್ನೇ ನಂಬಿದ ಹೊಲಕ್ಕೆ ಹರಾಜಿನ ವ್ಯವಸ್ಥೆಯಿರುವ ಬೇರೆ ಬೆಳೆ ಯಾವುದೆಂಬ ರೈತನ ಪ್ರಶ್ನೆಯನ್ನು ಪೂರ್ವಪಕ್ಷವಾಗಿ, ರೈತನೇ ಓದಿದರೂ ತನ್ನದೆಂದು ಒಪ್ಪುವಷ್ಟು ಬಲವಾಗಿ ಮಂಡಿಸದಿದ್ದರೆ, ಅವನ ತೀರ್ಮಾನ ಸರಿಯಿದ್ದರೂ ಅದು ದಕ್ಕಿದ ತೀರ್ಮಾನವಾಗುವುದಿಲ್ಲ.

ಉತ್ತರಿಸಿದವರಿಗೆ ತೊಂದರೆಯಾಗಬಾರದೆಂದು ಅವರ ಹೆಸರುಗಳನ್ನು ಮುದ್ರಿಸುವುದಿಲ್ಲ. ಆದುದರಿಂದ ಅಪದೇಶದಿಂದ ತೀರದ ಈ ಋಣವು ಲೆಕ್ಕದ ನಿಷ್ಠೆಯಿಂದಲೇ ತೀರಬೇಕಾಗುತ್ತದೆ. ಎಲೆ ಕೀಳುವ, ಕೋಲಿಗೆ ಕಟ್ಟುವ, ಎಲೆ ಹದಗೊಳಿಸುವ ಬ್ಯಾರನ್ನಿನ ಬೆಂಕಿ ಆರದಂತೆ ರಾತ್ರಿಯೆಲ್ಲ ಕಾಯುವ ಮನೆಯವರ ದುಡಿಮೆಗೆ ಕೂಲಿ ಹಾಕದೆ ಖರ್ಚಿನ ಕೋಷ್ಟಕ ತಯಾರಿಸಿದರೆ ಲಾಭವೆಂದು ಕಾಣುವ ಮೊತ್ತದಲ್ಲಿ ಆ ಕೂಲಿಯೂ ಸೇರಿಕೊಂಡಿರುತ್ತದೆ, ಮತ್ತು ಈ ಮಾತನ್ನು ಕೋಷ್ಟಕದ ಕೆಳಗೆ ಬರೆಯಲು ಒಂದೇ ವಾಕ್ಯ ಸಾಕಾಗುತ್ತದೆ.