ಗಿರಿಪಥವೂ ಪ್ರದಕ್ಷಿಣಪಥವೇ

ಶ್ರೀಮದ್ಭಾಗವತದ ದಶಮಸ್ಕಂಧದಲ್ಲಿ ಗೋವರ್ಧನೋದ್ಧಾರದ ಕಥೆ ಬರುವುದು. ಹರಿಕಥೆಯಲ್ಲಿಯೋ ತಾಳಮದ್ದಳೆಯಲ್ಲಿಯೋ ಅದನ್ನು ಕೇಳದ ಆಸ್ತಿಕರು ವಿರಳ. ಆದರೆ ಭಗವಂತನು ಕಿರುಬೆರಳಿನಲ್ಲಿ ಬೆಟ್ಟವನ್ನೆತ್ತಿದ ಅದ್ಭುತವನ್ನು ಸ್ಮರಿಸುವವರು, ಅದಕ್ಕೆ ಮೊದಲು ನಡೆದ ಸಂವಾದವನ್ನು ಮರೆಯುವುದುಂಟು. ನಂದಗೋಪನು ಇಂದ್ರಯಾಗಕ್ಕೆ ಸಿದ್ಧತೆ ನಡೆಸುತ್ತಿದ್ದಾಗ ಬಾಲಕೃಷ್ಣನು ತಂದೆಯ ಬಳಿಗೆ ಬಂದು, ಕಾಡುಮೇಡುಗಳಲ್ಲಿ ಬಾಳುವ ಗೋಪರು ಮೊದಲಾಗಿ ಪೂಜಿಸತಕ್ಕದ್ದು ತಮ್ಮನ್ನು ಪೊರೆಯುವ ಗೋವುಗಳನ್ನೂ ಬೆಟ್ಟವನ್ನೂ ಅಲ್ಲವೆ ಎಂದು ವಿನಯದಿಂದ ಕೇಳಿದನು. ಹಿರಿಯರು ಬಾಲಕನ ಮಾತನ್ನು ಮನ್ನಿಸಿದರು. ಯಾಗದ ಸಾಮಗ್ರಿಯನ್ನೆಲ್ಲ ಗಿರಿಗೆ ಸಮರ್ಪಿಸಿ, ಗೋವುಗಳನ್ನು ಮುಂದಿಟ್ಟುಕೊಂಡು ಗಿರಿಪ್ರದಕ್ಷಿಣೆ ಮಾಡಿದರು. ಅಲ್ಲಿ ಗರ್ಭಗುಡಿಯಿರಲಿಲ್ಲ, ಗೋಪುರವಿರಲಿಲ್ಲ. ಬೆಟ್ಟವೇ ಮೂರ್ತಿ, ಕಾಲುದಾರಿಯೇ ಪ್ರದಕ್ಷಿಣಪಥ. ಏಳು ದಿನಗಳ ಜಡಿಮಳೆಯಲ್ಲಿ ಅವರಿಗೆ ಆಶ್ರಯವಾದುದೂ ಅದೇ ಬೆಟ್ಟ. ಪೂಜೆ ಮೊದಲು, ರಕ್ಷಣೆ ಆಮೇಲೆ. ಈ ಕ್ರಮವನ್ನು ಭಕ್ತರು ಮನಸ್ಸಿನಲ್ಲಿಡತಕ್ಕದ್ದು.

ಕಾಸರಗೋಡು ಜಿಲ್ಲೆಯಲ್ಲಿ ಅಂತಹ ಗಿರಿಪಥವೊಂದನ್ನು ನಡೆದು ನೋಡಬೇಕೆನ್ನುವವರಿಗೆ ರಾಣಿಪುರವು ಯೋಗ್ಯವಾದ ಸ್ಥಳ. ಕಾಞಂಗಾಡಿನಿಂದ ಪೂರ್ವಕ್ಕೆ ಸುಮಾರು 48 ಕಿಲೋಮೀಟರ್ ದೂರದಲ್ಲಿ, ಪನತ್ತಡಿ ಪಂಚಾಯತಿನಲ್ಲಿ, ಸಹ್ಯಾದ್ರಿಯ ಮಗ್ಗುಲಲ್ಲಿ ಅದಿರುವುದು. ಹಿಂದೆ ಅದನ್ನು ಮಾಡತ್ತುಮಲ ಎನ್ನುತ್ತಿದ್ದರು. ಮಲಯಾಳದ ‘ಮಲ’ವೂ ಕನ್ನಡದ ‘ಮಲೆ’ಯೂ ಒಂದೇ ಎಂಬುದನ್ನು ಎರಡು ನುಡಿಗಳನ್ನೂ ಆಡುವ ಈ ಸೀಮೆಯವರಿಗೆ ಹೇಳಬೇಕಾಗಿಲ್ಲ. 1970ರಲ್ಲಿ ಕೋಟ್ಟಯಂ ಕಡೆಯಿಂದ ಬಂದು ನೆಲೆಸಿದ ಕ್ರೈಸ್ತರು ಯೇಸುವಿನ ತಾಯಿಯನ್ನು ರಾಣಿಯೆಂದು ಭಾವಿಸಿ ಅದಕ್ಕೆ ಈ ಹೆಸರಿಟ್ಟರು. ಅದೇ ಬೆಟ್ಟಸಾಲು ಪೂರ್ವದಲ್ಲಿ ತಲಕಾವೇರಿಯ ಕಾಡುಗಳೊಡನೆ ಕೂಡಿಕೊಳ್ಳುವುದು. ಒಂದು ಕಡೆಯವರು ತಾಯಿಯ ಹೆಸರಿಟ್ಟು ಕರೆದರು, ಇನ್ನೊಂದು ಕಡೆಯವರು ಕಾವೇರಿಯನ್ನೇ ತಾಯಿಯೆಂದು ಕೈಮುಗಿದರು. ಬೆಟ್ಟವು ಇಬ್ಬರನ್ನೂ ಬೇರೆಯೆಂದು ಎಣಿಸಲಿಲ್ಲ.

ಅರಣ್ಯ ಇಲಾಖೆಯ ತಪಾಸಣೆಯನ್ನು ದಾಟಿದ ಮೇಲೆ ತುದಿಯವರೆಗೆ ಎರಡು ಮೂರು ಕಿಲೋಮೀಟರ್ ಏರುದಾರಿ. ಮೊದಲಿಗೆ ಹಗಲಲ್ಲೂ ಮಬ್ಬಾದ ದಟ್ಟಕಾಡು. ಮಳೆಗಾಲದಲ್ಲಿ ಜಿಗಣೆಗಳ ಕಾಟವೂ ಉಂಟು. ಕಾಡು ಮುಗಿದೊಡನೆ ಗಾಳಿಗೆ ಬಾಗುವ ಹುಲ್ಲುಗಾವಲು, ಮಂಜು, ಕಣಿವೆಯಾಚೆಗೆ ಅಲೆಯಲೆಯಾಗಿ ಹಬ್ಬಿದ ನೀಲಿ ಬೆಟ್ಟಗಳು. ಕಡೆಗೆ ಬಂಡೆಗಲ್ಲಿನ ನೆತ್ತಿ. ದೇವಾಲಯದಲ್ಲಿ ಭಕ್ತನು ಅಂಗಣದ ಬೆಳಕಿನಿಂದ ಗರ್ಭಗುಡಿಯ ಕತ್ತಲೆಗೆ ನಡೆಯುತ್ತಾನೆ; ಬೆಟ್ಟದಲ್ಲಿ ಕಾಡಿನ ಕತ್ತಲೆಯಿಂದ ಆಕಾಶದ ಬೆಳಕಿಗೆ ಏರುತ್ತಾನೆ. ದಾರಿ ಬೇರೆ, ತಲೆ ತಾನಾಗಿ ಬಾಗುವ ತಾಣ ಒಂದೇ.

ಪ್ರದಕ್ಷಿಣೆಯನ್ನು ಹೇಗೆ ಮಾಡಬೇಕೆಂದು ಹಿರಿಯರು ವಿಧಿಸಿದ್ದಾರೆ. ತುಂಬುಗರ್ಭಿಣಿಯಾದ ಸ್ತ್ರೀಯು ತುಂಬಿದ ಎಣ್ಣೆಯ ಕೊಡವನ್ನು ಹೊತ್ತು ನಡೆಯುವಂತೆ ಮೆಲ್ಲನೆ ಹೆಜ್ಜೆಯಿಡಬೇಕಂತೆ. ದೇವಾಲಯದ ನುಣುಪಾದ ಕಲ್ಲುಹಾಸಿನ ಮೇಲೆ ಈ ವಿಧಿಯನ್ನು ಪಾಲಿಸುವವರು ಈಗ ಎಷ್ಟು ಮಂದಿ? ಮೂರು ಸುತ್ತನ್ನು ಮೂರು ನಿಮಿಷದಲ್ಲಿ ಮುಗಿಸಿ ಪ್ರಸಾದದ ಸಾಲಿಗೆ ಧಾವಿಸುವುದೇ ರೂಢಿಯಾಗಿದೆ. ಬೆಟ್ಟದ ಕಡಿದಾದ ದಾರಿಯು ಆ ವಿಧಿಯನ್ನು ಬಲವಂತವಾಗಿ ಕಲಿಸುವುದು. ಅಲ್ಲಿ ಅವಸರಪಟ್ಟವನ ಉಸಿರು ನೂರು ಹೆಜ್ಜೆಗೇ ಸೋಲುವುದು. ಮಾತನಾಡುತ್ತ ನಡೆದವನು ಎಡವುವನು. ಆನೆಗಳ ಸಂಚಾರವುಳ್ಳ ಕಾಡಾದ ಕಾರಣ ಗದ್ದಲವು ಅಪಾಯಕರವೂ ಹೌದು. ಹೀಗೆ ಅರ್ಧ ದಾರಿಯಲ್ಲಿ ಮಾತು ತಾನಾಗಿ ನಿಲ್ಲುವುದು. ಮೌನವೆಂಬ ವ್ರತವನ್ನು ಸಂಕಲ್ಪ ಮಾಡದೆಯೇ ಆಚರಿಸಿದಂತಾಗುವುದು. ಆ ಮೌನದಲ್ಲಿ ಮೊದಲು ಕೇಳಿಸುವುದು ತನ್ನ ಉಸಿರು. ಆಮೇಲೆ ಹಕ್ಕಿಯ ದನಿ. ಇನ್ನೂ ಕಿವಿಗೊಟ್ಟರೆ ಎಲೆಗಳ ಅಡಿಯಲ್ಲಿ ಹರಿಯುವ ನೀರು.

ಈ ನೀರಿನ ಸದ್ದೇ ಗಿರಿಯಾತ್ರೆಯ ಉಪದೇಶ. ತಲಕಾವೇರಿಯ ನೆತ್ತಿಯಿಂದ ಪೂರ್ವಕ್ಕಿಳಿದ ನೀರು ಕಾವೇರಿಯಾಗಿ ಸುಮಾರು 800 ಕಿಲೋಮೀಟರ್ ಹರಿದು ಬಂಗಾಳ ಕೊಲ್ಲಿಯನ್ನು ಸೇರುವುದು. ಅದೇ ಕೊಡಗಿನ ಮಲೆಗಳಲ್ಲಿ ಹುಟ್ಟಿ ಪಶ್ಚಿಮಕ್ಕೆ ಹರಿಯುವ ಪಯಸ್ವಿನಿಯು ಚಂದ್ರಗಿರಿ ಹೊಳೆಯೆನಿಸಿ ಕಾಸರಗೋಡಿನ ಬಳಿ ಕಡಲನ್ನು ಸೇರುವಳು. ಬೆಟ್ಟದ ಮಡಿಕೆಗಳಲ್ಲಿರುವ ಶೋಲಾ ಕಾಡೂ ನೆತ್ತಿಯ ಹುಲ್ಲೂ ಮಳೆಯ ನೀರನ್ನು ಬೇರುಗಳಲ್ಲಿ ಹಿಡಿದಿಟ್ಟು, ಮಳೆ ಹೋದ ಮೇಲೂ ತಿಂಗಳುಗಟ್ಟಲೆ ತೊಟ್ಟುತೊಟ್ಟಾಗಿ ಬಿಡುತ್ತವೆ. ಈ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿದರೂ ಏಪ್ರಿಲ್ ಬರುವಾಗ ತೋಡುಗಳು ಒಣಗುತ್ತವೆ. ಬಂದ ಮಳೆಯನ್ನು ಹಿಡಿದಿಡುವ ಗುಡ್ಡವು ಬೋಳಾದರೆ ಬಂದಷ್ಟೂ ನೀರು ಕಡಲಿಗೆ ಖರ್ಚಾಗುವುದು.

ಹಿರಿಯರು ಈ ಮರ್ಮವನ್ನು ಬಲ್ಲವರಾಗಿದ್ದರು. ಬಾಯಾರು, ಪಡ್ರೆ ಮೊದಲಾದ ಊರುಗಳಲ್ಲಿ ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆದು, ಸಣ್ಣ ದೀಪದ ಬೆಳಕಿನಲ್ಲಿ ಪಿಕಾಸಿ ಹಿಡಿದು, ನೂರಾರು ಅಡಿ ಸುರಂಗ ತೋಡಿದರು. ಯಂತ್ರವಿಲ್ಲದೆ, ವಿದ್ಯುತ್ತಿಲ್ಲದೆ, ಗುಡ್ಡದ ಗರ್ಭದಿಂದ ನೀರು ತಾನಾಗಿ ಅಂಗಳಕ್ಕೆ ಹರಿದುಬಂದಿತು. ಅಡಿಕೆತೋಟವು ಹಸುರಾದುದೂ, ಮನೆದೇವರಿಗೆ ಅಭಿಷೇಕವಾದುದೂ ಆ ನೀರಿನಿಂದಲೇ. ದೇವರ ತಲೆಯ ಮೇಲೆ ಬೀಳುವ ತೀರ್ಥವು ಮೊದಲು ಬೆಟ್ಟದ ತಲೆಯ ಮೇಲೆ ಬಿದ್ದುದಾಗಿರುವುದು.

ಮೇಲೆ ಬಿದ್ದುದು ಕೆಳಗಿಳಿಯುವುದೆಂಬ ಈ ನಿಯಮವು ತೀರ್ಥಕ್ಕೆ ಮಾತ್ರ ಅನ್ವಯಿಸುವುದಲ್ಲ, ವಿಷಕ್ಕೂ ಅನ್ವಯಿಸುವುದು. ಇದನ್ನು ಈ ಜಿಲ್ಲೆಯು ಕಣ್ಣೀರಿನಿಂದ ಕಲಿಯಿತು. 1970ರ ದಶಕದ ಕೊನೆಯಿಂದ 2000ದವರೆಗೆ ಗುಡ್ಡಗಳ ಮೇಲಿನ ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಲಾಯಿತು. ನೆತ್ತಿಯ ಮೇಲೆ ಬಿದ್ದ ವಿಷವು ಮಳೆಯೊಡನೆ ತೋಡಿಗೆ, ಬಾವಿಗೆ ಇಳಿಯಿತು. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಸ್ವರ್ಗ ಎಂಬ ಹೆಸರಿನ ಊರಿದೆ. ಆ ಹೆಸರಿನ ನೆಲದಲ್ಲಿಯೇ ತಾಯಂದಿರು ಎದ್ದು ನಡೆಯಲಾರದ, ಮಾತು ಬಾರದ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ವರ್ಷಗಟ್ಟಲೆ ಕುಳಿತರು. ಸುಪ್ರೀಂ ಕೋರ್ಟು 2011ರಲ್ಲಿ ಆ ವಿಷವನ್ನು ದೇಶದಲ್ಲೆಲ್ಲ ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆಜ್ಞಾಪಿಸಿತು. ಹಣವು ಔಷಧಿಗೆ ಒದಗೀತು. ಮಗುವಿನ ನಡಿಗೆಯನ್ನು ಮರಳಿ ತಂದೀತೆ? ಗೋವರ್ಧನವನ್ನು ಪೂಜಿಸಿದವರನ್ನು ಬೆಟ್ಟವು ಕಾಯಿತು. ಬೆಟ್ಟವನ್ನು ಕೇವಲ ಲಾಭದ ಬಾಬತ್ತೆಂದು ಎಣಿಸಿದಾಗ ಅದರ ನಷ್ಟವನ್ನು ತೆತ್ತವರು ಏನೂ ಅರಿಯದ ಹಸುಳೆಗಳು.

ಈಗ ಜೀರ್ಣೋದ್ಧಾರದ ಸುಸಂದರ್ಭ. ಗರ್ಭಗುಡಿಗೆ ತಾಮ್ರದ ಹೊದಿಕೆ, ಸುತ್ತುಪೌಳಿಗೆ ಹೊಸ ಕಲ್ಲು, ತೀರ್ಥಬಾವಿಗೆ ಹೊಸ ಕಟ್ಟೆ, ಎಲ್ಲವೂ ಶ್ಲಾಘ್ಯವಾದ ಕೈಂಕರ್ಯಗಳೇ. ದಾನಿಗಳ ಹೆಸರನ್ನು ಮೊತ್ತ ಸಮೇತ ಬರೆದಿಡುವುದೂ ಯುಕ್ತವೇ. ಆದರೆ ಕಲ್ಲನ್ನು ಕೊಟ್ಟ ಗುಡ್ಡ, ಮರವನ್ನು ಕೊಟ್ಟ ಕಾಡು, ಬಾವಿಗೆ ನೀರು ಕೊಡುವ ನೆತ್ತಿಯ ಹುಲ್ಲು, ಇವುಗಳ ದೇಣಿಗೆಯನ್ನು ಯಾವ ಪಟ್ಟಿಯಲ್ಲಿ ಜಮೆ ಹಿಡಿಯಬೇಕು? ಪಡೆದುದನ್ನು ಜಮೆಗೆ ತೋರಿಸದ ಲೆಕ್ಕವು ಎಷ್ಟು ಅಚ್ಚುಕಟ್ಟಾಗಿ ಬರೆದಿದ್ದರೂ ಸರಿಯಾದ ಲೆಕ್ಕವಲ್ಲ. ಜೀರ್ಣೋದ್ಧಾರದ ಹೆಸರಿನಲ್ಲಿಯೇ ನಾಗಬನದ ಮರಗಳನ್ನು ಉರುಳಿಸಿ, ಸುತ್ತ ಸಿಮೆಂಟಿನ ಕಟ್ಟೆ ಕಟ್ಟಿ, ಬಿಸಿಲಿನಲ್ಲಿ ಕಾದ ಹಾಸಿನ ನಡುವೆ ನಾಗನ ಕಲ್ಲನ್ನು ಪ್ರತಿಷ್ಠಿಸುವ ಪದ್ಧತಿಯು ಹಲವೆಡೆ ಬೆಳೆದುಬಂದಿರುವುದು. ಬನವಿಲ್ಲದ ಮೇಲೆ ಅದು ನಾಗಬನವೆನಿಸುವುದು ಹೇಗೆ? ತಂಪನ್ನು ಬೇಡುವ ದೇವರಿಗೆ ನೆರಳನ್ನೇ ಇಲ್ಲವಾಗಿಸಿದ ಸೇವೆಯು ಸೇವೆಯಲ್ಲ.

ಆದುದರಿಂದ ಆಸ್ತಿಕರು ಆಚರಿಸತಕ್ಕ ವ್ರತವೊಂದುಂಟು. ವರ್ಷಕ್ಕೊಂದು ದಿನವಾದರೂ ಮಕ್ಕಳನ್ನು ಕರೆದುಕೊಂಡು ಬೆಟ್ಟ ಹತ್ತಲಿ. ರಾಣಿಪುರವು ದೂರವಾಯಿತೆನ್ನುವವರಿಗೆ ಮಂಜೇಶ್ವರ ತಾಲೂಕಿನಲ್ಲಿ ಧರ್ಮತ್ತಡ್ಕದ ಸಮೀಪದ ಪೊಸಡಿಗುಂಪೆಯುಂಟು; ಅಲ್ಲಿಂದ ಪಡುವಣ ಕಡಲೂ ಕಾಣುವುದು. ಅದೂ ಆಗದ ವೃದ್ಧರು ತಮ್ಮ ಮನೆಯ ಹಿಂದಿನ ಮುಳಿಗುಡ್ಡಕ್ಕೇ ಒಂದು ಸುತ್ತು ಬರಲಿ. ಹೋಗುವಾಗ ಬಾಯಿಗೆ ಬೀಗವಿರಲಿ, ಚೀಲದಲ್ಲಿ ಪ್ಲಾಸ್ಟಿಕ್ ಇಲ್ಲದಿರಲಿ. ಬೇಸಗೆಯ ಒಣಹುಲ್ಲಿನ ಬಳಿ ಬೆಂಕಿಯ ಕಿಡಿಯೂ ಸುಳಿಯದಿರಲಿ. ಹಿಂದಿರುಗುವಾಗ ಅಲ್ಲಿಂದ ಒಂದು ಹೂವನ್ನೂ ಕೀಳದೆ ಬರಲಿ. ಮಳೆಗಾಲಕ್ಕೆ ಮುಂಚೆ ದೇವಳದ ಗುಡ್ಡದಲ್ಲಿ ಇಂಗುಗುಂಡಿ ತೋಡುವುದನ್ನೂ ಬನದಲ್ಲಿ ಗಿಡ ನೆಡುವುದನ್ನೂ ಉತ್ಸವದ ಕಾರ್ಯಕ್ರಮದಲ್ಲಿಯೇ ಸೇರಿಸಲಿ. ಬ್ರಹ್ಮಕಲಶದ ಕೊಡಕ್ಕೆ ತುಂಬುವ ನೀರು ಎಲ್ಲಿಂದ ಬಂದಿತೆಂದು ಮಗುವೊಂದು ಕೇಳಿದರೆ, ನಳ್ಳಿಯಿಂದ ಬಂದಿತೆನ್ನದೆ ಗುಡ್ಡದ ಕಡೆಗೆ ಕೈತೋರಿಸುವ ಹಿರಿಯರು ಊರಿನಲ್ಲಿರಲಿ.

ಸ್ಥಾವರಗಳಲ್ಲಿ ತಾನು ಹಿಮಾಲಯವೆಂದು ಗೀತಾಚಾರ್ಯನು ಹತ್ತನೆಯ ಅಧ್ಯಾಯದಲ್ಲಿ ಅಪ್ಪಣೆ ಕೊಡಿಸಿದ್ದಾನೆ. ಹಿಮಾಲಯದಲ್ಲಿರುವವನು ಸಹ್ಯಾದ್ರಿಯಲ್ಲಿಲ್ಲವೆ? ಸಹ್ಯಾದ್ರಿಯಲ್ಲಿರುವವನು ಊರ ಗುಡ್ಡದಲ್ಲಿಲ್ಲವೆ? ಮನುಷ್ಯನು ಕಟ್ಟಿದ ಆಲಯವು ಜೀರ್ಣವಾದರೆ ಮನುಷ್ಯನೇ ಉದ್ಧರಿಸಬಲ್ಲನು. ಭಗವಂತನು ಕಟ್ಟಿದ ಈ ಗಿರಿಯೆಂಬ ಆಲಯವು ಜೀರ್ಣವಾದರೆ ಅದನ್ನು ಹಾಗೆಯೇ ಮರಳಿ ಕಟ್ಟಬಲ್ಲ ಶಿಲ್ಪಿಯು ಊರಿನಲ್ಲಿಲ್ಲ. ಅದನ್ನು ಜೀರ್ಣವಾಗಗೊಡದಿರುವುದೇ ಭಕ್ತರಿಂದ ಸಾಧ್ಯವಾದ ಸೇವೆ. ಗಿರಿಧರನು ಆ ಸದ್ಬುದ್ಧಿಯನ್ನು ಸಕಲರಿಗೂ ಕರುಣಿಸಲಿ.

ಶುಭಂ ಭೂಯಾತ್.