ಸುಂಕದ ಲೆಕ್ಕವೂ ಅಚೌರ್ಯಾಣುವ್ರತವೂ

ಗೃಹಸ್ಥನಿಗೆ ವಿಹಿತವಾದ ಐದು ಅಣುವ್ರತಗಳಲ್ಲಿ ಅಚೌರ್ಯವು ಮೇಲುನೋಟಕ್ಕೆ ಅತ್ಯಂತ ಸುಲಭವಾದುದೆಂದು ತೋರುತ್ತದೆ. ಪರರ ಮನೆಗೆ ಕನ್ನ ಹಾಕುವ ಶ್ರಾವಕನು ಎಲ್ಲಿದ್ದಾನೆ? ಆದರೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತಕ್ಕೆ ಹೇಳಿರುವ ಐದು ಅತಿಚಾರಗಳನ್ನು ನೋಡಿದರೆ, ಅವು ಕನ್ನಗಳ್ಳನಿಗಿಂತ ವರ್ತಕನನ್ನೇ ಉದ್ದೇಶಿಸಿ ಹೇಳಿದಂತಿವೆ. ಕಳವಿಗೆ ಪ್ರೇರಣೆ ಕೊಡುವುದು, ಕಳವಿನ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರುವುದು, ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಕಲಬೆರಕೆ ಮಾಡುವುದು ಇವೆಲ್ಲವೂ ಅಂಗಡಿಯ ಒಳಗೆ ನಡೆಯುವ ದೋಷಗಳು. ಇವುಗಳಲ್ಲಿ ಮೂರನೆಯದಕ್ಕೆ ವಿರುದ್ಧರಾಜ್ಯಾತಿಕ್ರಮವೆಂದು ಹೆಸರು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದರ ಸ್ಥಾನದಲ್ಲಿ ವಿಲೋಪವೆಂಬ ಪದವನ್ನು ಬಳಸಿದ್ದಾರೆ. ಆಮದು ಸುಂಕದ ಲೆಕ್ಕವು ಈ ಅತಿಚಾರದ ವ್ಯಾಪ್ತಿಗೆ ಎಷ್ಟರಮಟ್ಟಿಗೆ ಬರುತ್ತದೆಂಬುದು ಇಂದಿನ ವರ್ತಕ ಕುಟುಂಬಗಳು ವಿಚಾರಿಸಬೇಕಾದ ವಿಷಯವಾಗಿದೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಬೆಂಗಳೂರಿನ ಒಬ್ಬ ವರ್ತಕರು ಹೊರದೇಶದಿಂದ ಪಂಪುಗಳ ಲೋಹದ ಹೊರಕವಚಗಳನ್ನು ಚೆನ್ನೈ ಬಂದರಿನ ಮೂಲಕ ತರಿಸುತ್ತಾರೆಂದು ಭಾವಿಸಿರಿ. ಹಡಗಿನ ಬಾಡಿಗೆ ಮತ್ತು ವಿಮೆಯೂ ಸೇರಿ ಮಾಲಿನ ಬೆಲೆ 10 ಲಕ್ಷ ರೂಪಾಯಿ. ಮೂಲ ಸುಂಕ ಶೇಕಡಾ 10 ಎಂದಾದರೆ 1,00,000 ರೂ.; ಆ ಸುಂಕದ ಮೇಲೆ ಶೇಕಡಾ 10ರಂತೆ ಸಮಾಜ ಕಲ್ಯಾಣ ಸರ್‌ಚಾರ್ಜ್ 10,000 ರೂ. ಇವೆಲ್ಲವನ್ನೂ ಕೂಡಿಸಿದ 11,10,000 ರೂಪಾಯಿಯ ಮೇಲೆ ಶೇಕಡಾ 18ರಂತೆ ಐಜಿಎಸ್‌ಟಿ 1,99,800 ರೂ. ಒಟ್ಟು 3,09,800 ರೂಪಾಯಿ. ಮೂರು ದರಗಳನ್ನು ಬಿಡಿಯಾಗಿ ಕೂಡಿಸಿದವನಿಗೆ ಉತ್ತರ ತಪ್ಪುತ್ತದೆ. ಒಂದರ ಮೇಲೊಂದನ್ನು ಏರಿಸಿಯೇ ಲೆಕ್ಕ ಮಾಡಬೇಕು.

ಇಲ್ಲಿಯವರೆಗೆ ಇದು ಬರಿಯ ಗಣಿತ. ಆದರೆ ಆ ಕವಚಗಳನ್ನು ಎರಕ ಹೊಯ್ಯುವ ಅಚ್ಚಿಗಾಗಿ ವರ್ತಕರು ಮುಂಚೆಯೇ 2 ಲಕ್ಷ ರೂಪಾಯಿಯನ್ನು ಬ್ಯಾಂಕಿನ ಮೂಲಕ ಆ ಕಾರ್ಖಾನೆಗೆ ಪ್ರತ್ಯೇಕವಾಗಿ ಕಳುಹಿಸಿದ್ದಾರೆ. ಅಚ್ಚು ಅಲ್ಲಿಯೇ ಉಳಿದಿದೆ. ಮಾಲಿನ ಇನ್‌ವಾಯ್ಸಿನಲ್ಲಿ ಅದರ ಉಲ್ಲೇಖವಿಲ್ಲ. ಇನ್‌ವಾಯ್ಸ್ ನಿಜವಾದುದೇ, ಅದರಲ್ಲಿರುವ ಅಂಕಿಯೂ ನಿಜವೇ, ಹಾಗಿರುವಾಗ ಕೇಳದೆ ಇದ್ದುದನ್ನು ಏಕೆ ಹೇಳಬೇಕೆಂದು ಕಸ್ಟಮ್ಸ್ ಏಜೆಂಟನು ಕೇಳುತ್ತಾನೆ. ಆದರೆ 1962ರ ಕಸ್ಟಮ್ಸ್ ಕಾಯ್ದೆಯ 14ನೆಯ ಕಲಂ ಮತ್ತು 2007ರ ಮೌಲ್ಯನಿರ್ಧಾರ ನಿಯಮಗಳ ಪ್ರಕಾರ ಮಾಲಿಗಾಗಿ ವಾಸ್ತವವಾಗಿ ತೆತ್ತ ಎಲ್ಲ ಬೆಲೆಯೂ, ಅಚ್ಚಿನಂತಹ ಸಲಕರಣೆಗಳಿಗೆ ಕೊಳ್ಳುವವನು ಮಾಡಿದ ವೆಚ್ಚವೂ ಮೌಲ್ಯದಲ್ಲಿ ಸೇರತಕ್ಕವು. ಪೂರ್ತಿ 2 ಲಕ್ಷವನ್ನೂ ಈ ಸರಕಿಗೇ ಸೇರಿಸಿದರೆ ಸುಂಕ ತೆರಿಗೆಗಳು 3,71,760 ರೂಪಾಯಿ ಆಗುತ್ತವೆ. ವ್ಯತ್ಯಾಸ 61,960 ರೂ. ಅದರಲ್ಲಿ ಐಜಿಎಸ್‌ಟಿಯ 39,960 ರೂಪಾಯಿಯನ್ನು ಸಾಮಾನ್ಯವಾಗಿ ಮುಂದಿನ ಮಾರಾಟದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು. ಆದುದರಿಂದ ಒಂದು ಮೌನದ ನಿಜವಾದ ಬೆಲೆ 22,000 ರೂಪಾಯಿ.

ಈ ಮೌನದ ಪರವಾಗಿ ಬರುವ ವಾದಗಳನ್ನು ಹಗುರವಾಗಿ ಕಾಣಲಾಗದು. ಎದುರಂಗಡಿಯವನು ಅಚ್ಚಿನ ವೆಚ್ಚವನ್ನಿರಲಿ, ಮಾಲಿನ ಬೆಲೆಯನ್ನೇ ಅರ್ಧಕ್ಕಿಳಿಸಿ ಬರೆಸುತ್ತಾನೆ. ಅವನ ಧಾರಣೆಗೆ ಮಾರಲಾಗದಿದ್ದರೆ ಗಿರಾಕಿ ಹೋಗುತ್ತಾನೆ, ನಂಬಿದ ನೌಕರರ ಜೀವನವೂ ಕೆಡುತ್ತದೆ. ಇದು ಸತ್ಯ. ಪ್ರಾಮಾಣಿಕತೆಯಿಂದ ಲಾಭವೇ ಆಗುತ್ತದೆಂದು ಹೇಳುವವರು ವ್ಯಾಪಾರವನ್ನು ಅರಿತವರಲ್ಲ. ನಷ್ಟವಾಗುವುದುಂಟು. ನಷ್ಟವೇ ಇಲ್ಲದಿದ್ದರೆ ಅದಕ್ಕೆ ವ್ರತವೆಂಬ ಹೆಸರು ಏಕೆ ಬೇಕಾಗಿತ್ತು?

ಹಾಗೆಂದು ಕಾಯ್ದೆಯು ಕೊಟ್ಟ ರಿಯಾಯಿತಿಯನ್ನು ಬಿಡಬೇಕೆಂದಲ್ಲ. ಒಪ್ಪಂದವಿರುವ ದೇಶದಲ್ಲಿ ನಿಜವಾಗಿ ತಯಾರಾದ ಮಾಲಿಗೆ ಕಡಿಮೆ ಸುಂಕವನ್ನು ಕೇಳುವುದು ನ್ಯಾಯವೇ. ಬೇರೆ ದೇಶದ ಮಾಲಿಗೆ ಆ ದೇಶದ ಪ್ರಮಾಣಪತ್ರವನ್ನು ಅಂಟಿಸುವುದು ಚೌರ್ಯ. ಯಾವ ಶೀರ್ಷಿಕೆಯಡಿ ಮಾಲು ಬರುತ್ತದೆಂಬ ಸಂದೇಹ ಪ್ರಾಮಾಣಿಕನಿಗೂ ಬರಬಹುದು. ಆಗ ಸಂದೇಹವನ್ನು ಬರೆದು ತಿಳಿಸಿ, 18ನೆಯ ಕಲಮಿನಂತೆ ತಾತ್ಕಾಲಿಕ ನಿರ್ಧಾರಣೆಯನ್ನು ಕೋರಲು ಅವಕಾಶವಿದೆ. ಅಂದಾಜು ತಪ್ಪುವುದು ದೋಷವಲ್ಲ; ಬೇಕಾದ ಉತ್ತರವನ್ನು ಮೊದಲೇ ಇಟ್ಟುಕೊಂಡು ಅದಕ್ಕೆ ತಕ್ಕಂತೆ ಲೆಕ್ಕವನ್ನು ಕಟ್ಟುವುದೇ ದೋಷ. ಮೊದಲನೆಯದು ಅಜ್ಞಾನ, ಎರಡನೆಯದರಲ್ಲಿ ಲೋಭವೆಂಬ ಕಷಾಯವಿದೆ.

ಅಲ್ಲದೆ, 2011ರಿಂದ ಆಮದುದಾರನೇ ತನ್ನ ಸುಂಕವನ್ನು ತಾನೇ ನಿರ್ಧರಿಸಿ ಬಿಲ್ ಆಫ್ ಎಂಟ್ರಿಯನ್ನು ಸಲ್ಲಿಸುವ ಪದ್ಧತಿ ಬಂದಿದೆ. ಎಲ್ಲ ಪೆಟ್ಟಿಗೆಗಳನ್ನೂ ತೆರೆದು ನೋಡುವವರಿಲ್ಲ. ನೋಡುವವರು ಇಲ್ಲದಲ್ಲಿಯೇ ವ್ರತಕ್ಕೆ ಕೆಲಸ. ಒಂದು ಸುಳ್ಳು ಅಲ್ಲಿಗೇ ನಿಲ್ಲುವುದೂ ಇಲ್ಲ. ಬೆಲೆಯನ್ನು ಇಳಿಸಿ ಬರೆಸಿದವನು ಉಳಿದ ಹಣವನ್ನು ಹವಾಲಾದ ಮೂಲಕ ಕಳುಹಿಸಬೇಕು. ಅದಕ್ಕಾಗಿ ನಗದು ಬೇಕು. ನಗದಿಗಾಗಿ ಬಿಲ್ಲಿಲ್ಲದೆ ಮಾರಬೇಕು. ಅದನ್ನು ಗುಮಾಸ್ತನಿಗೂ ಮಗನಿಗೂ ಕಲಿಸಬೇಕು. ಅತಿಚಾರವು ಅನಾಚಾರವಾಗುವ ದಾರಿ ಇದೇ.

ಈಗಾಗಲೇ ತಪ್ಪಿದವರಿಗೆ ದಾರಿ ಮುಚ್ಚಿಲ್ಲ. ಕಡಿಮೆ ಬಿದ್ದ ಸುಂಕವನ್ನು ನೋಟೀಸು ಬರುವ ಮೊದಲೇ ಬಡ್ಡಿಯೊಡನೆ ತಾನಾಗಿ ತುಂಬಲು 28ನೆಯ ಕಲಂ ಅವಕಾಶ ಕೊಡುತ್ತದೆ. ಮಾಲು ಬಿಡುಗಡೆಯಾದ ಮೇಲೂ ದಾಖಲೆಯನ್ನು ಸ್ವಯಂ ತಿದ್ದಿಕೊಳ್ಳಲು 2025ರ ಹಣಕಾಸು ಕಾಯ್ದೆಯು 18ಎ ಕಲಮನ್ನು ಸೇರಿಸಿದೆ. ಸಂಜೆ ಪ್ರತಿಕ್ರಮಣಕ್ಕೆ ಕುಳಿತು ದೋಷವನ್ನು ಬಾಯಲ್ಲಿ ಹೇಳುವ ಗೃಹಸ್ಥನು ಮರುದಿನ ಅದನ್ನು ಖಾತೆಯಲ್ಲಿಯೂ ತಿದ್ದಬಲ್ಲನು.

ಆಶಾಧರ ಪಂಡಿತರು ಸಾಗಾರಧರ್ಮಾಮೃತದಲ್ಲಿ ಶ್ರಾವಕನ ಗುಣಗಳನ್ನು ಹೇಳುವಾಗ ನ್ಯಾಯದಿಂದ ಗಳಿಸಿದ ಧನವನ್ನು ಮೊದಲು ಹೆಸರಿಸಿದ್ದಾರೆ. ದಾನ ಪೂಜೆಗಳು ಆಮೇಲಿನವು. ಪಂಚಕಲ್ಯಾಣಕ್ಕೆ ಕೊಟ್ಟ 22,000 ರೂಪಾಯಿಗೆ ಬಸದಿಯ ಗೋಡೆಯ ಮೇಲೆ ಹೆಸರು ಬರಬಹುದು. ಬಂದರಿನಲ್ಲಿ ತೆತ್ತ 22,000 ರೂಪಾಯಿಗೆ ಚಲನ್ ಒಂದೇ ಬರುತ್ತದೆ. ಅದನ್ನು ತೆರದೆ ಇದನ್ನು ಕೊಟ್ಟರೆ, ಕೊಟ್ಟುದು ಯಾರ ಹಣವೆಂಬುದನ್ನು ದಾನಿಯೂ, ಸ್ವೀಕರಿಸುವ ಟ್ರಸ್ಟಿನವರೂ ಆಲೋಚಿಸಬೇಕು.